ಕಾನೂನು ಕಾಲೇಜಿನ ಆಯ್ಕೆ: ಶ್ರೇಯಾಂಕ ಪಟ್ಟಿಗೆ ಎಷ್ಟು ಮಹತ್ವ ನೀಡಬೇಕು?

ಪೀಠಿಕೆ

ದ್ವಿತೀಯ ಪಿಯುಸಿ ಅಥವಾ ಪದವಿಯ ನಂತರ ಕಾನೂನು ಶಿಕ್ಷಣ ಪಡೆಯಬಯಸುವ ವಿದ್ಯಾರ್ಥಿಗಳು ಹಾಗೂ ಅವರ ಪೋಷಕರು ಮೊದಲು ಗಮನಿಸುವುದು ಸಾಮಾನ್ಯವಾಗಿ ಕಾಲೇಜುಗಳ ಶ್ರೇಯಾಂಕ ಪಟ್ಟಿಯನ್ನು. ವಿದ್ಯಾರ್ಥಿಯ ಮೂರು ಅಥವಾ ಐದು ವರ್ಷಗಳು ಮತ್ತು ಕುಟುಂಬದ ಉಳಿತಾಯ ಈ ಒಂದು ನಿರ್ಧಾರವನ್ನು ಅವಲಂಬಿಸಿರುತ್ತವೆ. ಆದ್ದರಿಂದ ಶ್ರೇಯಾಂಕವು ಏನನ್ನು ಸೂಚಿಸುತ್ತದೆ, ಏನನ್ನು ಸೂಚಿಸುವುದಿಲ್ಲ ಎಂಬುದನ್ನು ತಿಳಿದು ಮುಂದುವರಿಯುವುದು ಸೂಕ್ತ. ಈ ಕುರಿತ ಮುಖ್ಯ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಶ್ರೇಯಾಂಕ ಪಟ್ಟಿಯ ಸ್ವರೂಪ

ಭಾರತ ಸರ್ಕಾರವು 2015ರಲ್ಲಿ ರಾಷ್ಟ್ರೀಯ ಸಾಂಸ್ಥಿಕ ಶ್ರೇಯಾಂಕ ಚೌಕಟ್ಟನ್ನು (ಎನ್‌ಐಆರ್‌ಎಫ್) ಜಾರಿಗೆ ತಂದಿತು. ಇದರ ಮೊದಲ ಪಟ್ಟಿ 2016ರಲ್ಲಿ ಪ್ರಕಟವಾಯಿತು. ಕಾನೂನು ಸಂಸ್ಥೆಗಳಿಗೆ ಪ್ರತ್ಯೇಕ ವಿಭಾಗ ಸೇರ್ಪಡೆಯಾದದ್ದು 2018ರಲ್ಲಿ. ಅಂದಿನಿಂದ 2025ರವರೆಗಿನ ಎಲ್ಲ ಪಟ್ಟಿಗಳಲ್ಲಿಯೂ ಬೆಂಗಳೂರಿನ ಭಾರತೀಯ ರಾಷ್ಟ್ರೀಯ ಕಾನೂನು ಶಾಲಾ ವಿಶ್ವವಿದ್ಯಾಲಯವು ಮೊದಲ ಸ್ಥಾನದಲ್ಲಿದೆ.

ಬೋಧನೆ ಮತ್ತು ಸಂಪನ್ಮೂಲ, ಸಂಶೋಧನೆ ಮತ್ತು ವೃತ್ತಿಪರ ಕಾರ್ಯ, ಪದವೀಧರರ ಸಾಧನೆ, ಎಲ್ಲ ವರ್ಗಗಳ ಒಳಗೊಳ್ಳುವಿಕೆ ಹಾಗೂ ಸಂಸ್ಥೆಯ ಬಗೆಗಿನ ಅಭಿಪ್ರಾಯ ಎಂಬ ಐದು ಮಾನದಂಡಗಳ ಮೇಲೆ ಅಂಕ ನೀಡಿ ಸ್ಥಾನವನ್ನು ನಿರ್ಧರಿಸಲಾಗುತ್ತದೆ.

ಪಟ್ಟಿಯ ಮಿತಿಗಳು

ಮೊದಲನೆಯದಾಗಿ, ಮೌಲ್ಯಮಾಪನಕ್ಕೆ ಬೇಕಾದ ಹೆಚ್ಚಿನ ಅಂಕಿಅಂಶಗಳನ್ನು ಸಂಸ್ಥೆಗಳೇ ಸಲ್ಲಿಸುತ್ತವೆ. ಎರಡನೆಯದಾಗಿ, ಪಾಲ್ಗೊಳ್ಳಲು ಸಂಸ್ಥೆಯು ತಾನೇ ನೋಂದಾಯಿಸಿಕೊಳ್ಳಬೇಕು. 2024ರ ಪಟ್ಟಿಯಲ್ಲಿ ದೇಶದ 40 ಕಾನೂನು ಸಂಸ್ಥೆಗಳಿಗೆ ಮಾತ್ರ ಸ್ಥಾನ ನೀಡಲಾಗಿತ್ತು. ಆದ್ದರಿಂದ ಒಂದು ಕಾಲೇಜಿನ ಹೆಸರು ಪಟ್ಟಿಯಲ್ಲಿ ಇಲ್ಲವೆಂಬ ಕಾರಣಕ್ಕೆ ಅದು ಕಳಪೆ ಎಂದು ತೀರ್ಮಾನಿಸಲಾಗದು. ಮೂರನೆಯದಾಗಿ, ಸಂಶೋಧನಾ ಪ್ರಕಟಣೆಗಳಿಗೆ ದೊರೆಯುವ ಅಂಕಗಳು ಸಂಸ್ಥೆಯ ಸ್ಥಾನವನ್ನು ಏರಿಸಬಹುದು. ಆದರೆ ಮೊದಲ ವರ್ಷದ ವಿದ್ಯಾರ್ಥಿಗೆ ತರಗತಿಯಲ್ಲಿ ದೊರೆಯುವ ಪಾಠದ ಗುಣಮಟ್ಟವನ್ನು ಅವು ತಿಳಿಸುವುದಿಲ್ಲ.

ಶ್ರೇಯಾಂಕದ ಬಗೆಗಿನ ಆಕ್ಷೇಪ ಭಾರತಕ್ಕೆ ಸೀಮಿತವಲ್ಲ. ಅಮೆರಿಕದಲ್ಲಿ ಯೇಲ್ ಮತ್ತು ಹಾರ್ವರ್ಡ್ ಕಾನೂನು ಶಾಲೆಗಳು ಯು.ಎಸ್. ನ್ಯೂಸ್ ಸಂಸ್ಥೆಯ ಶ್ರೇಯಾಂಕಕ್ಕೆ ಮಾಹಿತಿ ನೀಡುವುದನ್ನು ನಿಲ್ಲಿಸುವುದಾಗಿ 2022ರ ನವೆಂಬರ್‌ನಲ್ಲಿ ಪ್ರಕಟಿಸಿದವು. ಸಾರ್ವಜನಿಕ ಸೇವೆಯ ವೃತ್ತಿಗೆ ಹೋಗುವ ಪದವೀಧರರಿಗೂ ಬಡ ವಿದ್ಯಾರ್ಥಿಗಳ ಧನಸಹಾಯಕ್ಕೂ ಆ ವಿಧಾನದಲ್ಲಿ ತಕ್ಕ ಮನ್ನಣೆ ಇಲ್ಲವೆಂಬುದು ಅವುಗಳ ಮುಖ್ಯ ಆಕ್ಷೇಪವಾಗಿತ್ತು.

ಶ್ರೇಯಾಂಕಕ್ಕಿಂತ ಮೊದಲು ಮಾನ್ಯತೆ

ವಕೀಲರ ಅಧಿನಿಯಮ, 1961ರ ಪ್ರಕಾರ ವಕೀಲರಾಗಿ ನೋಂದಾಯಿಸಿಕೊಳ್ಳಲು ಭಾರತೀಯ ವಕೀಲರ ಪರಿಷತ್ತು ಮಾನ್ಯ ಮಾಡಿದ ಕಾನೂನು ಪದವಿ ಇರಬೇಕು. ಪರಿಷತ್ತಿನ ಅನುಮೋದನೆಯನ್ನು ನಿಗದಿತ ಅವಧಿಗೆ ನೀಡಿ ನವೀಕರಿಸಲಾಗುತ್ತದೆ. ಆದುದರಿಂದ ತಾವು ಸೇರುವ ವರ್ಷಕ್ಕೆ ಹಾಗೂ ತಾವು ಸೇರುವ ಕೋರ್ಸಿಗೆ ಅನುಮೋದನೆ ಇದೆಯೇ ಎಂಬುದನ್ನು ಅಭ್ಯರ್ಥಿಗಳು ಶುಲ್ಕ ಪಾವತಿಸುವ ಮುನ್ನವೇ ಖಚಿತಪಡಿಸಿಕೊಳ್ಳತಕ್ಕದ್ದು. ವಿಶ್ವವಿದ್ಯಾಲಯದ ಸಂಯೋಜನೆಯನ್ನೂ ಪ್ರತ್ಯೇಕವಾಗಿ ಪರಿಶೀಲಿಸತಕ್ಕದ್ದು. ರಾಜ್ಯದ ಕಾನೂನು ಕಾಲೇಜುಗಳ ಸಂಯೋಜನೆಗಾಗಿ 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವನ್ನು ಸ್ಥಾಪಿಸಲಾಗಿದೆ.

ಅಂಚೆ ಅಥವಾ ದೂರ ಶಿಕ್ಷಣದ ಮೂಲಕ ಪಡೆದ ಎಲ್ಎಲ್.ಬಿ. ಪದವಿಯಿಂದ ವಕೀಲರಾಗಿ ನೋಂದಾಯಿಸಿಕೊಳ್ಳಲು ಸಾಧ್ಯವಿಲ್ಲ. ಮಾನ್ಯತೆಯಲ್ಲಿ ಲೋಪವಿದ್ದಲ್ಲಿ ವ್ಯಾಸಂಗಕ್ಕೆ ವ್ಯಯಿಸಿದ ವರ್ಷಗಳು ವ್ಯರ್ಥವಾಗುವ ಸಂಭವವಿದೆ. ಈ ಲೋಪವನ್ನು ಯಾವ ಜಾಹೀರಾತಿನಲ್ಲಿ ತೋರಿಸುವ ಶ್ರೇಯಾಂಕವೂ ಸರಿಪಡಿಸಲಾರದು.

ಶ್ರೇಯಾಂಕದಿಂದ ಪ್ರಯೋಜನವಾಗುವ ಸಂದರ್ಭಗಳು

ಬೆಂಗಳೂರು, ಮುಂಬೈ, ದೆಹಲಿಗಳ ದೊಡ್ಡ ಕಾನೂನು ಸಂಸ್ಥೆಗಳು ಮತ್ತು ಕಂಪನಿಗಳು ಹೊಸ ಪದವೀಧರರನ್ನು ಹೆಚ್ಚಾಗಿ ಕೆಲವೇ ಹೆಸರಾಂತ ಸಂಸ್ಥೆಗಳ ಆವರಣಗಳಿಂದ ಆಯ್ಕೆ ಮಾಡಿಕೊಳ್ಳುತ್ತವೆ. ಅಂತಹ ಉದ್ಯೋಗದ ಗುರಿಯುಳ್ಳವರಿಗೆ ಮೇಲಿನ ಸ್ಥಾನದಲ್ಲಿರುವ ಸಂಸ್ಥೆಯಿಂದ ನಿಶ್ಚಿತ ಅನುಕೂಲವಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ವ್ಯಾಸಂಗ ಮಾಡಿದವರಿಗೆ 2021ರಿಂದ ಶೇ. 25ರಷ್ಟು ಸ್ಥಾನಗಳನ್ನು ಮೀಸಲಿರಿಸಿದೆ. ಅರ್ಹರು ಆಯಾ ವರ್ಷದ ಪ್ರವೇಶ ಪ್ರಕಟಣೆಯನ್ನು ನೋಡಿಕೊಂಡು ಇದರ ಪ್ರಯೋಜನ ಪಡೆಯಬಹುದು.

ಆದರೆ 3ನೇ ಮತ್ತು 30ನೇ ಸ್ಥಾನಗಳ ನಡುವಿನ ಅಂತರಕ್ಕೆ ಇರುವ ಅರ್ಥ 22ನೇ ಮತ್ತು 26ನೇ ಸ್ಥಾನಗಳ ನಡುವಿನ ಅಂತರಕ್ಕೆ ಇರುವುದಿಲ್ಲ. ನಾಲ್ಕು ಸ್ಥಾನ ಮೇಲಿದೆಯೆಂಬ ಒಂದೇ ಕಾರಣಕ್ಕೆ ದುಬಾರಿ ಶುಲ್ಕ ತೆರುವುದು ಸರಿಯಾದ ಲೆಕ್ಕಾಚಾರವಲ್ಲ.

ವಕೀಲಿ ವೃತ್ತಿ ಮತ್ತು ನ್ಯಾಯಾಂಗ ಸೇವೆ

ತಾಲ್ಲೂಕು ಅಥವಾ ಜಿಲ್ಲಾ ನ್ಯಾಯಾಲಯದಲ್ಲಿ ವೃತ್ತಿ ಆರಂಭಿಸುವವರಿಗೆ ಕಾಲೇಜಿನ ಸ್ಥಾನಕ್ಕಿಂತ ಹಿರಿಯ ವಕೀಲರ ಕಚೇರಿಯಲ್ಲಿ ದೊರೆಯುವ ತರಬೇತಿ, ಕರಡು ರಚನೆಯ ಅಭ್ಯಾಸ ಮತ್ತು ಕಕ್ಷಿದಾರರ ಭಾಷೆಯ ಮೇಲಿನ ಹಿಡಿತ ಮುಖ್ಯವಾಗುತ್ತವೆ. ವೃತ್ತಿ ನಡೆಸಲು ತೇರ್ಗಡೆಯಾಗಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಯೂ ಎಲ್ಲ ಕಾಲೇಜುಗಳ ಪದವೀಧರರಿಗೆ ಒಂದೇ. ಇದನ್ನು ಕನ್ನಡದಲ್ಲಿಯೂ ಬರೆಯಬಹುದು. ರಾಜ್ಯದ ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ನಡುವಿನ ಭಾಷಾಂತರದ ಪತ್ರಿಕೆ ಇರುತ್ತದೆ. ಈ ಹುದ್ದೆಗಳ ಪರೀಕ್ಷೆಗೆ ಮೂರು ವರ್ಷಗಳ ವಕೀಲಿ ಅನುಭವ ಅಗತ್ಯವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ 20ರಂದು ತೀರ್ಪು ನೀಡಿತು. ಆಯಾ ನೇಮಕಾತಿ ಅಧಿಸೂಚನೆಯಲ್ಲಿನ ಅರ್ಹತೆಯನ್ನು ಅಭ್ಯರ್ಥಿಗಳು ಗಮನಿಸತಕ್ಕದ್ದು.

ಪ್ರವೇಶಕ್ಕೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

1. ಬೋಧಕ ವರ್ಗ: ಪೂರ್ಣಾವಧಿ ಬೋಧಕರ ಸಂಖ್ಯೆ, ತರಗತಿಗಳು ಕ್ರಮವಾಗಿ ನಡೆಯುತ್ತವೆಯೇ ಎಂಬ ವಿವರ. ಪ್ರತಿ ವಿಷಯಕ್ಕೆ ಶೇ. 70ರಷ್ಟು ಹಾಜರಾತಿಯನ್ನು ಪರಿಷತ್ತಿನ ನಿಯಮಗಳು ವಿಧಿಸಿವೆ. ಹಾಜರಾತಿ ಬೇಕಿಲ್ಲವೆಂದು ಆಶ್ವಾಸನೆ ನೀಡುವ ಕಾಲೇಜಿನಿಂದ ದೂರವಿರುವುದು ಒಳಿತು.

2. ಪ್ರಾಯೋಗಿಕ ತರಬೇತಿ: ಅಣಕು ನ್ಯಾಯಾಲಯ, ಕಾನೂನು ನೆರವು ಕೇಂದ್ರ ಮತ್ತು ಇಂಟರ್ನ್‌ಶಿಪ್ ವ್ಯವಸ್ಥೆ. ಇಂಟರ್ನ್‌ಶಿಪ್‌ನ ಕನಿಷ್ಠ ಅವಧಿ ಮೂರು ವರ್ಷದ ಕೋರ್ಸಿಗೆ 12 ವಾರ, ಐದು ವರ್ಷದ ಕೋರ್ಸಿಗೆ 20 ವಾರ.

3. ಭಾಷೆ: ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಗಳಲ್ಲಿ ಉತ್ತರಗಳನ್ನು ಸಂಪೂರ್ಣವಾಗಿ ಕನ್ನಡದಲ್ಲಿ ಅಥವಾ ಸಂಪೂರ್ಣವಾಗಿ ಇಂಗ್ಲಿಷಿನಲ್ಲಿ ಬರೆಯಲು ಅವಕಾಶವಿದೆ. ಉಚ್ಚ ನ್ಯಾಯಾಲಯದ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುವುದರಿಂದ ಎರಡೂ ಭಾಷೆಗಳ ಅಭ್ಯಾಸ ಅಗತ್ಯ.

4. ಒಟ್ಟು ವೆಚ್ಚ: ಬೋಧನಾ ಶುಲ್ಕದೊಂದಿಗೆ ವಸತಿ, ಊಟ, ಪುಸ್ತಕ ಹಾಗೂ ಪ್ರಯಾಣ ವೆಚ್ಚಗಳನ್ನು ಕೋರ್ಸಿನ ಪೂರ್ಣ ಅವಧಿಗೆ ಲೆಕ್ಕ ಹಾಕಬೇಕು. ಕಿರಿಯ ವಕೀಲರ ಆರಂಭಿಕ ಆದಾಯ ಅಲ್ಪವಾಗಿರುವುದರಿಂದ, ವಕೀಲಿ ವೃತ್ತಿಗೆ ಹೋಗುವವರು ಶೈಕ್ಷಣಿಕ ಸಾಲದ ಕಂತನ್ನು ಮೊದಲೇ ಯೋಚಿಸತಕ್ಕದ್ದು. ಅರ್ಹ ವಿದ್ಯಾರ್ಥಿಗಳು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ ಮೂಲಕ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಬಹುದು.

5. ಸಂಸ್ಥೆ ಸಲ್ಲಿಸಿದ ಮಾಹಿತಿ: ಶ್ರೇಯಾಂಕಕ್ಕಾಗಿ ಸಂಸ್ಥೆಗಳು ನೀಡಿದ ಅಂಕಿಅಂಶಗಳು ಸಾರ್ವಜನಿಕವಾಗಿ ಲಭ್ಯವಿವೆ. ಎಷ್ಟು ಮಂದಿ ನಿಗದಿತ ಅವಧಿಯಲ್ಲಿ ಪದವಿ ಪೂರೈಸಿದರು, ಎಷ್ಟು ಮಂದಿಗೆ ಉದ್ಯೋಗ ದೊರೆಯಿತು, ಮಧ್ಯಾಂಕ ವೇತನ ಎಷ್ಟು ಎಂಬ ವಿವರಗಳು ಅಲ್ಲಿರುತ್ತವೆ. ಸ್ಥಾನದ ಸಂಖ್ಯೆಗಿಂತ ಇವು ಹೆಚ್ಚು ಉಪಯುಕ್ತ.

ಸಾರಾಂಶ

ಮೊದಲು ಮಾನ್ಯತೆ, ಬಳಿಕ ವಿದ್ಯಾರ್ಥಿಯ ಗುರಿ, ಅನಂತರ ಬೋಧನೆ ಮತ್ತು ವೆಚ್ಚ, ಕೊನೆಯಲ್ಲಿ ಶ್ರೇಯಾಂಕ ಎಂಬ ಅನುಕ್ರಮದಲ್ಲಿ ಪರಿಶೀಲನೆ ನಡೆಸುವುದು ಸೂಕ್ತ. ಉಳಿದೆಲ್ಲ ಅಂಶಗಳಲ್ಲಿ ಸಮನಾಗಿರುವ ಎರಡು ಸಂಸ್ಥೆಗಳ ನಡುವೆ ಆಯ್ಕೆ ಮಾಡುವಾಗ ಶ್ರೇಯಾಂಕವು ನೆರವಾಗುತ್ತದೆ. ಮನೆಗೆ ಹತ್ತಿರದಲ್ಲಿರುವ, ಮಾನ್ಯತೆ ಪಡೆದ, ತರಗತಿಗಳು ಕ್ರಮಬದ್ಧವಾಗಿ ನಡೆಯುವ ಕಾಲೇಜಿಗೆ ಸೇರಿದ ವಿದ್ಯಾರ್ಥಿಯು ಪಟ್ಟಿಯಲ್ಲಿ ಅದರ ಹೆಸರಿಲ್ಲವೆಂದು ಹಿಂಜರಿಯಬೇಕಾದ ಅಗತ್ಯವಿಲ್ಲ.