ಕಲ್ಲುಹೂವು ರೋಗವಲ್ಲ

ನಮ್ಮ ತೋಟದ ಬಂಡೆಗಳ ಮೇಲೂ ನೆರಳುಮರಗಳ ತೊಗಟೆಯ ಮೇಲೂ ಬೂದುಬಣ್ಣದ, ಎಲೆಯಂತೆ ಅಗಲವಾದ ಹಕ್ಕಳೆಗಳನ್ನು ಸದಸ್ಯ ಬಾಂಧವರೆಲ್ಲರೂ ಕಂಡಿದ್ದೀರಿ. ಮಗುಚಿ ನೋಡಿದರೆ ಅಡಿಭಾಗ ಕಪ್ಪು. ಇದೇ ಕಲ್ಲುಹೂವು, ಮಸಾಲೆಗೆ ಹಾಕುವುದೂ ಇದನ್ನೇ. ಪಶ್ಚಿಮ ಘಟ್ಟದಲ್ಲಿ ಹೇರಳವಾಗಿರುವ ಒಂದು ಜಾತಿಯ ಶಾಸ್ತ್ರೀಯ ಹೆಸರು ಪಾರ್ಮೊಟ್ರೀಮ ಟಿಂಕ್ಟೋರಮ್.

ಇದು ಒಂಟಿ ಜೀವಿಯಲ್ಲ, ಶಿಲೀಂಧ್ರ ಮತ್ತು ಪಾಚಿಗಳ ಕೂಡುಬಾಳ್ವೆ. ಈ ಸಂಗತಿಯನ್ನು 1867ರಲ್ಲಿ ಮಂಡಿಸಿದವರು ಸ್ವಿಸ್ ಸಸ್ಯವಿಜ್ಞಾನಿ ಶ್ವೆಂಡೆನರ್. ಪಾಚಿಯು ಬೆಳಕಿನಿಂದ ಆಹಾರ ತಯಾರಿಸುತ್ತದೆ. ಶಿಲೀಂಧ್ರವು ಆಸರೆ ಕೊಟ್ಟು ತೇವ ಹಿಡಿದಿಡುತ್ತದೆ. ಕಲ್ಲುಹೂವಿಗೆ ಬೇರಿಲ್ಲ. ನೀರು, ಲವಣಗಳು ಮುಖ್ಯವಾಗಿ ಮಳೆ, ಮಂಜು, ಧೂಳಿನಿಂದಲೇ ಬರಬೇಕು. ಬರಿಯ ಬಂಡೆಯ ಮೇಲೆ ಬದುಕಬಲ್ಲ ಇದಕ್ಕೆ ಮರದ ರಸ ಬೇಕಿಲ್ಲ.

ಹಾಗಾದರೆ ಸೊರಗಿದ ಗಿಡದ ಮೇಲೆಯೇ ಹೆಚ್ಚಾಗಿ ಕಾಣುವುದೇಕೆ? ಎಲೆ ಉದುರಿದ ಕೊಂಬೆಗೆ ಬೆಳಕು ಧಾರಾಳವಾಗಿ ಬೀಳುತ್ತದೆ, ಕಲ್ಲುಹೂವು ಹರಡುತ್ತದೆ. ಅದು ಸೊರಗಿನ ಪರಿಣಾಮವೇ ಹೊರತು ಕಾರಣವಲ್ಲ. ಕಾರಣವನ್ನು ಬೇರಿನಲ್ಲಿ, ಮಣ್ಣಿನಲ್ಲಿ, ಹೂಳು ತುಂಬಿದ ಬಸಿಗಾಲುವೆಯಲ್ಲಿ ಹುಡುಕಬೇಕು. ಕತ್ತಿಯಿಂದ ಕೆರೆಸಿದರೆ ತೊಗಟೆಗೆ ಗಾಯ, ಕೂಲಿಯೂ ದಂಡ. ಅಡಿಕೆಯ ಕೊಳೆರೋಗಕ್ಕೆಂದು ತಂದ ಮೈಲುತುತ್ತನ್ನು ಇದಕ್ಕೆ ಖರ್ಚು ಮಾಡಬೇಡಿ.

ಇನ್ನೊಂದು ಮಾತು. ಕಲ್ಲುಹೂವು ಬೆಳೆಯುವುದು ವರ್ಷಕ್ಕೆ ಕೆಲವೇ ಮಿಲಿಮೀಟರಿನಷ್ಟು. ಕೊಳ್ಳುವವರು ಬಂದರೆಂದು ಬಂಡೆ, ಮರಗಳನ್ನು ಬೋಳಿಸಿದರೆ, ಅದು ಮತ್ತೆ ಅಂಗೈಯಗಲ ಬೆಳೆಯಲು ಹಲವು ಮಳೆಗಾಲಗಳೇ ಬೇಕು. ಗಂಧಕದ ಹೊಗೆಯನ್ನು ತಾಳಲಾರದ ಈ ಜೀವಿ ನಮ್ಮ ತೋಟದಲ್ಲಿ ಹುಲುಸಾಗಿದ್ದರೆ, ಗಾಳಿ ಇನ್ನೂ ಶುದ್ಧವಾಗಿದೆ ಎಂದು ತಿಳಿದು ನೆಮ್ಮದಿಯಾಗಿರೋಣ.