ದುಡ್ಡು ತಂದರೂ ಡಾಕ್ಟ್ರು ಸೂಜಿ ಚುಚ್ಚಲಿಲ್ಲ!

ದಾವಣಗೆರೆಯ ಟೈಲರ್ ಒಬ್ಬರಿಗೆ ಹನ್ನೊಂದು ವರ್ಷದಿಂದ ಸೋರಿಯಾಸಿಸ್. ಮೊಣಕೈಯಲ್ಲಿ ಶುರುವಾದದ್ದು ಬೆನ್ನಿಗೆ ಹಬ್ಬಿತು, ತಲೆಗೂ ಏರಿತು. ಹೊಲಿಯಲು ಕೂತರೆ ಗಿರಾಕಿಯ ಕರಿ ಪ್ಯಾಂಟಿನ ಮೇಲೆ ಬಿಳಿ ಹೊಟ್ಟು! ಅಂಗಡಿಗೆ ಬರುವವರು ಕಡಿಮೆಯಾದರು. ಕ್ಷೌರದಂಗಡಿಯವನಂತೂ 'ಅಂಟುರೋಗ' ಎಂದು ಬಾಗಿಲಲ್ಲೇ ತಡೆದ. ಇದು ಅಂಟುವ ರೋಗವೇ ಅಲ್ಲ. ಮೈಯ ರಕ್ಷಣಾ ವ್ಯವಸ್ಥೆ ಹಾದಿ ತಪ್ಪಿ, ಚರ್ಮ ವಿಪರೀತ ವೇಗದಲ್ಲಿ ಬೆಳೆದು ಉದುರುವ ಕಾಯಿಲೆ. ಹೇಳಿದರೆ ಕೇಳುವವರ್ಯಾರು?

ಮುಲಾಮು ಆಯಿತು. ವಾರಕ್ಕೊಮ್ಮೆ ನುಂಗುವ ಮೆಥೋಟ್ರೆಕ್ಸೇಟ್ ಗುಳಿಗೆಯೂ ಆಯಿತು; ವಾಂತಿ ನಿಲ್ಲದೆ ಬಿಡಬೇಕಾಯಿತು. ನಡುವೆ ಸಂತೆಯಲ್ಲಿ ಪುಡಿ ಮಾರುವವನ ಹತ್ತಿರವೂ ಹೋಗಿಬಂದರು. ಹದಿನೈದೇ ದಿನದಲ್ಲಿ ಮೈ ಕನ್ನಡಿ! ಪುಡಿ ಬಿಟ್ಟ ಮೇಲೆ ರೋಗ ಎರಡರಷ್ಟು ಉಕ್ಕಿತು. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ತಟ್ಟನೆ ನಿಲ್ಲಿಸಿದರೆ ಹೀಗೇ ಮೈಮೇಲೆ ಬೀಳುತ್ತದೆ.

ಕೊನೆಗೆ ಚರ್ಮದ ಡಾಕ್ಟ್ರು ಬಯಾಲಾಜಿಕ್ ಇಂಜೆಕ್ಷನ್ ಹೆಸರು ಎತ್ತಿದರು. ಇದು ಮೊದಲ ದಿನವೇ ಎಲ್ಲರಿಗೂ ಕೊಡುವ ಮದ್ದಲ್ಲ. ಮೈಯ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಹರಡಿರಬೇಕು, ಇಲ್ಲವೇ ಅಂಗೈ, ಮುಖ, ಕೀಲು ಹಿಡಿದು ಬದುಕು ಕೆಡಿಸಿರಬೇಕು. ಗುಳಿಗೆ, ಬೆಳಕಿನ ಚಿಕಿತ್ಸೆ ಫಲಿಸಿರಬಾರದು. ಸಾಮಾನ್ಯ ರೂಢಿ ಇದು. ಮದ್ದು ಪರದೇಶದಿಂದಲೇ ಬರಬೇಕೆಂದೇನಿಲ್ಲ. ಬೆಂಗಳೂರಿನ ಬಯೋಕಾನ್ 2013ರಲ್ಲಿ ಇಟೋಲಿಜುಮಾಬ್ ಬಿಡುಗಡೆ ಮಾಡಿತು. ಅಹಮದಾಬಾದಿನ ಝೈಡಸ್ 2014ರಲ್ಲಿ ಅಡಾಲಿಮುಮಾಬ್‌ನ ಅಗ್ಗದ ತದ್ರೂಪು ತಂದಿತು. ಕಂಪನಿಗೆ ಅಗ್ಗವಾದದ್ದು ಟೈಲರ್‌ಗೆ ಅಗ್ಗವೇ? ಹೆಂಡತಿಯ ಸರ ಗಿರವಿ ಅಂಗಡಿ ಸೇರಿತು.

"ದುಡ್ಡು ತಂದೀನಿ ಡಾಕ್ಟ್ರೇ, ಇವತ್ತೇ ಚುಚ್ಚಿಬಿಡ್ರಿ."

"ಇವತ್ತಾಗಲ್ಲ ಯಜಮಾನ್ರೇ. ಮನೇಲಿ ಯಾರಿಗಾದ್ರೂ ಟಿ.ಬಿ. ಇತ್ತಾ?"

"ನಮ್ಮವ್ವಗೆ ಇತ್ರಿ. ಅದಕ್ಕೂ ಇದಕ್ಕೂ ಏನ್ ಸಂಬಂಧ?"

ಸಂಬಂಧ ಇದೆ. ಕ್ಷಯದ ಕ್ರಿಮಿ ಎಷ್ಟೋ ಮಂದಿಯ ಮೈಯಲ್ಲಿ ಸದ್ದಿಲ್ಲದೆ ಮಲಗಿರುತ್ತದೆ. ಸುತ್ತ ಮೈಯೇ ಗೋಡೆ ಕಟ್ಟಿರುತ್ತದೆ. ಸೋರಿಯಾಸಿಸ್‌ನ ಉರಿಗೆ ಗಾಳಿ ಹಾಕುವ ಟಿ.ಎನ್.ಎಫ್. ಎಂಬ ವಸ್ತುವೇ ಆ ಗೋಡೆಯ ಕಾವಲುಗಾರ. ಅಡಾಲಿಮುಮಾಬ್, ಇನ್‌ಫ್ಲಿಕ್ಸಿಮಾಬ್ ಅದನ್ನೇ ಕಟ್ಟಿಹಾಕುತ್ತವೆ. ಇನ್‌ಫ್ಲಿಕ್ಸಿಮಾಬ್ ಪಡೆದ 70 ಮಂದಿಗೆ ಕ್ಷಯ ಎದ್ದದ್ದನ್ನು ಅಮೆರಿಕದ ವೈದ್ಯರು 2001ರಲ್ಲೇ ವರದಿ ಮಾಡಿದ್ದರು. ಹೆಚ್ಚಿನವರು ಸಂಧಿವಾತದವರು, ಬಹುಪಾಲು ಕ್ಷಯ ಅಪರೂಪವಾದ ದೇಶದವರು. ಅವರ ಗತಿಯೇ ಹಾಗಾದರೆ ನಮ್ಮದು?

ಮುಂಗೈಗೆ ಮಾಂಟೂ ಸೂಜಿ ಹಾಕಿದರು. ಮೂರನೇ ದಿನ ಗಂಟು 14 ಮಿ.ಮೀ. ಎಕ್ಸ್‌ರೇ ಚೊಕ್ಕ, ಕೆಮ್ಮಿಲ್ಲ, ಜ್ವರವಿಲ್ಲ. ಅಂದರೆ ರೋಗ ಎದ್ದಿಲ್ಲ, ಕ್ರಿಮಿ ಮಲಗಿದೆ. ಹೆಪಟೈಟಿಸ್, ಎಚ್.ಐ.ವಿ. ಪರೀಕ್ಷೆಯೂ ಆಯಿತು. ಮೊದಲು ಒಂದು ತಿಂಗಳು ಟಿ.ಬಿ. ತಡೆಯುವ ಗುಳಿಗೆ, ಆಮೇಲೆ ಅಡಾಲಿಮುಮಾಬ್. ಗುಳಿಗೆ ಮಾತ್ರ ಕೋರ್ಸು ಮುಗಿಯುವತನಕ ಬಿಡುವಂತಿಲ್ಲ.

"ತಿಂಗಳ ಬಡ್ಡಿ ಯಾರು ಕಟ್ತಾರ್ರೀ?" ಎಂದು ಟೈಲರ್ ರೇಗಿದರು. ಡಾಕ್ಟ್ರು ಜಗ್ಗಲಿಲ್ಲ. ಹೆಂಡತಿ ಮರುದಿನವೇ ಸರ ಬಿಡಿಸಿಕೊಂಡು ಬಂದರು, ತಿಂಗಳ ನಂತರ ಮತ್ತೆ ಇಟ್ಟರಾಯಿತು ಎಂದು.

ಮೊದಲ ದಿನ 80 ಮಿ.ಗ್ರಾಂ., ವಾರ ಬಿಟ್ಟು 40, ಆಮೇಲೆ ಎರಡು ವಾರಕ್ಕೊಮ್ಮೆ 40. ಮದ್ದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಬಾರದು. ಟೈಲರ್ ಮನೆಯಲ್ಲಿ ಫ್ರಿಜ್ ಇಲ್ಲ. ಪಕ್ಕದ ಮೆಡಿಕಲ್ ಸ್ಟೋರಿನವರು ಇಟ್ಟುಕೊಳ್ಳಲು ಒಪ್ಪಿದ್ದಾರೆ.