ಪರಿಸರ ಪಾಠದ 25 ಅಂಕಗಳು: ಕಾಲೇಜು ಅಂಗಳದಿಂದ ಗಿರಣಿ ಅಂಗಳಕ್ಕೆ

ಪದವಿ ತರಗತಿಗೆ ಸೇರುವ ಪ್ರತಿಯೊಬ್ಬ ವಿದ್ಯಾರ್ಥಿಯೂ, ಆತ ಕಲಾ ವಿಭಾಗದವನಿರಲಿ, ವಾಣಿಜ್ಯ ವಿಭಾಗದವನಿರಲಿ, ಪರಿಸರ ಅಧ್ಯಯನವನ್ನು ಓದಲೇಬೇಕು. ಈ ಕಡ್ಡಾಯದ ಹಿಂದೆ ಸರ್ವೋಚ್ಚ ನ್ಯಾಯಾಲಯದ ಆದೇಶವಿದೆ ಎಂಬುದು ಅನೇಕರಿಗೆ ತಿಳಿದಿರಲಾರದು. ಎಂ.ಸಿ. ಮೆಹ್ತಾ ಅವರು ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ 1991ರ ನವೆಂಬರ್ 22ರಂದು ನ್ಯಾಯಾಲಯವು ಶಿಕ್ಷಣದ ಎಲ್ಲ ಹಂತಗಳಲ್ಲಿ ಪರಿಸರ ಬೋಧನೆಯಾಗಬೇಕೆಂದು ನಿರ್ದೇಶಿಸಿತು. ವಿಶ್ವವಿದ್ಯಾಲಯ ಅನುದಾನ ಆಯೋಗವು ಆರು ತಿಂಗಳ ಪಠ್ಯವನ್ನು ರೂಪಿಸಿತು. 2004-05ರಿಂದ ಅದು ಪದವಿ ತರಗತಿಗಳಿಗೆ ಬಂದಿತು.

ಆ ಮಾದರಿ ಪಠ್ಯದ 100 ಅಂಕಗಳಲ್ಲಿ 25 ಅಂಕಗಳನ್ನು ಕ್ಷೇತ್ರಕಾರ್ಯಕ್ಕೆ ಮೀಸಲಿಡಲಾಗಿತ್ತು. ವಿದ್ಯಾರ್ಥಿಗಳು ತಮ್ಮೂರಿನ ಕೆರೆ, ಗುಡ್ಡ, ಕಾಡುಗಳನ್ನು ನೋಡಿ ಬರೆಯಬೇಕು. ಮಾಲಿನ್ಯಕ್ಕೊಳಗಾದ ಒಂದು ಸ್ಥಳಕ್ಕೂ ಭೇಟಿ ನೀಡಬೇಕು ಎಂಬುದು ಅದರ ಆಶಯ. ಆಯೋಗವು 2023ರಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿ ಈ ವಿಷಯಕ್ಕೆ 4 ಕ್ರೆಡಿಟ್‌ಗಳನ್ನು ಸೂಚಿಸಿದಾಗಲೂ ಕ್ಷೇತ್ರಕಾರ್ಯದ ಸ್ಥಾನ ಉಳಿದುಕೊಂಡಿತು. ಆದರೆ ಹೋಗಲು ತಕ್ಕ ಸ್ಥಳವಾಗಲಿ, ಬರಮಾಡಿಕೊಳ್ಳುವವರಾಗಲಿ ಇಲ್ಲದೆ ಹೋದರೆ ಇಂತಹ ವರದಿಗಳು ಹಿಂದಿನ ವರ್ಷದವರ ಹಾಳೆಗಳ ನಕಲಾಗುತ್ತವೆ. ಆಗ ನಷ್ಟವಾಗುವುದು ವಿದ್ಯಾರ್ಥಿಗೆ ಮಾತ್ರವಲ್ಲ, ಊರಿನ ವರ್ತಕನಿಗೂ ಹೌದು.

ಐದು ತಾಲ್ಲೂಕುಗಳ ಪ್ರಯೋಗಶಾಲೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಬಳ್ಳಾರಿಯಲ್ಲಿ 2010ರಲ್ಲಿ ಸ್ಥಾಪನೆಯಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವು ಈ ಸೀಮೆಯ ಉನ್ನತ ಶಿಕ್ಷಣದ ಕೇಂದ್ರ. ಆದರೆ ಪರಿಸರದ ಪಾಠಕ್ಕೆ ಬೇಕಾದ ಪ್ರಯೋಗಶಾಲೆ ತಾಲ್ಲೂಕುಗಳಲ್ಲಿಯೇ ಹರಡಿಕೊಂಡಿದೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಇದಕ್ಕೆ ಉತ್ತಮ ನಿದರ್ಶನ. ನೀರಾವರಿಗೆಂದು ಕಟ್ಟಿದ ಊರಕೆರೆಯಲ್ಲಿ ಬೆಳೆದ ಜಾಲಿ ಮರಗಳು ಸಾವಿರಾರು ಹಕ್ಕಿಗಳಿಗೆ ಆಶ್ರಯವಾದವು. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿಯಲ್ಲಿ ಸುಮಾರು 98 ಹೆಕ್ಟೇರ್ ವಿಸ್ತೀರ್ಣದ ಈ ಕೆರೆಗೆ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣವೆಂಬ ಮನ್ನಣೆ ದೊರೆಯಿತು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವಿದೆ. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ.

ಇವು ನೋಡತಕ್ಕ ಸ್ಥಳಗಳು. ಲೆಕ್ಕ ಹಾಕತಕ್ಕ ಸ್ಥಳಗಳೂ ಇವೆ: ಶೇಂಗಾ ಸುಲಿಯುವ ಗಿರಣಿ, ಮೆಕ್ಕೆಜೋಳದ ಗೋದಾಮು, ಹೂವಿನ ಅಂಗಡಿ, ಎಪಿಎಂಸಿ ಪ್ರಾಂಗಣ.

ಪ್ರಾಂಗಣ ದಾಟಿದ ವಿದ್ಯೆ

ವಿದ್ಯಾಸಂಸ್ಥೆಯ ಆವರಣ ದಾಟಿದ ವಿದ್ಯೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲಿಯೇ ಉದಾಹರಣೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಘಟಕ ಆರಂಭವಾಯಿತು. ಗ್ರಾಮಗಳಿಗೆ ಒಗ್ಗುವ ತಂತ್ರಜ್ಞಾನವನ್ನು ರೂಪಿಸುವುದು ಅದರ ಗುರಿ. ವಿಜ್ಞಾನಿಗಳು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದು, ಹಳ್ಳಿಯ ಮನೆಗಳಲ್ಲಿ ಎಷ್ಟು ಸೌದೆ ಉರಿಯುತ್ತದೆ ಎಂಬುದನ್ನು ಮೊದಲು ತೂಗಿ ನೋಡಿದರು. ಕಡಿಮೆ ಸೌದೆಯಲ್ಲಿ ಅಡುಗೆ ಮುಗಿಸುವ, ಹೊಗೆಯನ್ನು ಕೊಳವೆಯ ಮೂಲಕ ಹೊರಹಾಕುವ 'ಅಸ್ತ್ರ ಒಲೆ' ಹುಟ್ಟಿದ್ದು ಅಂತಹ ಶ್ರಮದಿಂದ. ಆ ಘಟಕವೇ ಮುಂದೆ ಸುಸ್ಥಿರ ತಂತ್ರಜ್ಞಾನ ಕೇಂದ್ರವಾಯಿತು. ಮೊದಲು ಅಳತೆ, ಅನಂತರ ಉಪಾಯ ಎಂಬುದು ಅದರ ಪಾಠ. ಅಳೆಯುವ ಕೆಲಸಕ್ಕೆ ವಿಜ್ಞಾನಿಯೇ ಬೇಕೆಂದಿಲ್ಲ. ಪದವಿ ವಿದ್ಯಾರ್ಥಿಯೂ ಸಾಕು.

ಅಳೆದರೆ ದೊರೆಯುವ ಲಾಭ

ಮೊದಲನೆಯದು ನೀರು. 500 ಚದರ ಮೀಟರ್ ಚಾವಣಿಯ ಒಂದು ಗೋದಾಮನ್ನು ತೆಗೆದುಕೊಳ್ಳಬಹುದು. ವರ್ಷಕ್ಕೆ 600 ಮಿ.ಮೀ. ಮಳೆ ಎಂದಿಟ್ಟುಕೊಂಡರೆ ಅದರ ಮೇಲೆ ಬೀಳುವ ನೀರು 3 ಲಕ್ಷ ಲೀಟರ್. ಐದರಲ್ಲಿ ಒಂದು ಪಾಲು ನಷ್ಟವಾದರೂ 2.40 ಲಕ್ಷ ಲೀಟರ್ ಉಳಿಯುತ್ತದೆ. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಅದು 40 ಟ್ಯಾಂಕರ್. ಬೇಸಿಗೆಯಲ್ಲಿ ಟ್ಯಾಂಕರಿಗೆ ಹಣ ತೆತ್ತವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ಹೊಟ್ಟು. 100 ಕಿಲೋ ಶೇಂಗಾ ಕಾಯಿ ಸುಲಿದರೆ ಸುಮಾರು 25ರಿಂದ 30 ಕಿಲೋ ಸಿಪ್ಪೆ ಉಳಿಯುತ್ತದೆ. ಅದನ್ನು ಒತ್ತಿ ಬ್ರಿಕೆಟ್ ಮಾಡಿದರೆ ಬಾಯ್ಲರಿಗೆ ಇಂಧನ. ಮೆಕ್ಕೆಜೋಳದ ದಿಂಡಿಗೂ ಈ ಮಾತು ಸಲ್ಲುತ್ತದೆ. ಯಾವ ತಿಂಗಳು ಎಷ್ಟು ಸಿಪ್ಪೆ ಸಿಗುತ್ತದೆ ಎಂಬ ಪಟ್ಟಿಯೊಂದು ಕೈಯಲ್ಲಿದ್ದರೆ ಕಸದಿಂದ ರಸ ತೆಗೆಯುವ ಉದ್ಯಮಿ ಬಂಡವಾಳ ಹೂಡಲು ಹಿಂಜರಿಯುವುದಿಲ್ಲ.

ಮೂರನೆಯದು ಪ್ಲಾಸ್ಟಿಕ್. ರಾಜ್ಯ ಸರ್ಕಾರ 2016ರಲ್ಲಿಯೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಕೇಂದ್ರ ಸರ್ಕಾರದ ನಿಯಮದಂತೆ 2022ರ ಜುಲೈ 1ರಿಂದ ತಟ್ಟೆ, ಲೋಟ, ಸ್ಟ್ರಾ ಮೊದಲಾದ ಒಮ್ಮೆ ಬಳಸುವ ಪ್ಲಾಸ್ಟಿಕ್ ವಸ್ತುಗಳಿಗೆ ತಡೆ ಬಿದ್ದಿತು. ಸಿಕ್ಕಿಬಿದ್ದು ದಂಡ ತೆರುವವನು ಬಹುಮಟ್ಟಿಗೆ ಚಿಲ್ಲರೆ ವ್ಯಾಪಾರಿ. ಹಡಗಲಿ ಮಲ್ಲಿಗೆಯನ್ನು ಪ್ಲಾಸ್ಟಿಕ್ ಇಲ್ಲದೆ ದೂರದ ಪೇಟೆಗೆ ಬಾಡದಂತೆ ಮುಟ್ಟಿಸುವ ಬಗೆ ಹೇಗೆ? ಕೊಟ್ಟೂರಿನ ರಥೋತ್ಸವದ ದಿನಗಳಲ್ಲಿ ಅಂಗಡಿ ಸಾಲಿನ ಕಸ ಎಷ್ಟು? ಇವೆಲ್ಲ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬಹುದಾದ ಸಂಗತಿಗಳು.

ಅಂಜಿಕೆಗೆ ಕಾರಣವಿಲ್ಲ

'ಮಾಲಿನ್ಯದ ಸ್ಥಳ' ಎಂಬ ಹೆಸರು ತಮ್ಮ ಗಿರಣಿಗೆ ಅಂಟೀತು ಎಂಬ ಅಳುಕು ಮಾಲೀಕರಲ್ಲಿ ಸಹಜ. ಆದರೆ ವಿದ್ಯಾರ್ಥಿಯ ಭೇಟಿ ಇಲಾಖೆಯ ತಪಾಸಣೆಯಲ್ಲ. ಸಮ್ಮತಿ ಪತ್ರ ನೀಡುವ, ಪರಿಶೀಲಿಸುವ ಅಧಿಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಹಾಗಿದ್ದರೂ ಒಂದು ತಿಳಿವಳಿಕೆ ಮೊದಲೇ ಆಗುವುದು ಲೇಸು: ವರದಿಯ ಪ್ರತಿ ಮಾಲೀಕರಿಗೆ ಸಲ್ಲಬೇಕು, ಅವರ ಒಪ್ಪಿಗೆಯಿಲ್ಲದೆ ಗಿರಣಿಯ ಹೆಸರು ಪ್ರಕಟವಾಗಬಾರದು. ಅದೇ ರೀತಿ ಕಂಡ ದೋಷವನ್ನು ಬರೆಯದಂತೆ ವಿದ್ಯಾರ್ಥಿಯನ್ನು ತಡೆಯುವುದೂ ಸಲ್ಲದು. ಮಂಡಳಿಯ ನೋಟಿಸು ಬಂದ ಮೇಲೆ ತಿಳಿಯುವ ದೋಷಕ್ಕಿಂತ ಮುಂಚೆಯೇ ಮನೆಯ ಮಕ್ಕಳಿಂದ ತಿಳಿಯುವ ದೋಷ ಅಗ್ಗದ್ದು.

ಮುಂದಿನ ಹೆಜ್ಜೆ

ವಿಶ್ವ ಪರಿಸರ ದಿನವಾದ ಜೂನ್ 5ರಂದು ಕಾಲೇಜುಗಳಲ್ಲಿ ಸಸಿ ನೆಡುವುದು ವಾಡಿಕೆ. ವರ್ತಕ ಸಂಘಗಳು ಆ ದಿನವನ್ನೇ ಆರಂಭದ ದಿನವಾಗಿಸಿಕೊಂಡು, ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳಲು ಸಿದ್ಧವಿರುವ ಗಿರಣಿ, ಗೋದಾಮು, ಅಂಗಡಿಗಳ ಪಟ್ಟಿಯನ್ನು ಪ್ರಾಂಶುಪಾಲರಿಗೆ ತಲುಪಿಸಬಹುದು. ವರ್ಷಾಂತ್ಯದಲ್ಲಿ ಉತ್ತಮ ವರದಿಗಳನ್ನು ಸಂಘದ ಸಭೆಯಲ್ಲಿ ಓದಿಸಬಹುದು. ಇದಕ್ಕೆ ತಗಲುವ ವೆಚ್ಚ ಅಲ್ಪ: ಅರ್ಧ ದಿನದ ಬಿಡುವು, ಹಳೆಯ ವಿದ್ಯುತ್ ಬಿಲ್ಲುಗಳ ಒಂದು ಕಟ್ಟು, ಬಂದ ಮಕ್ಕಳಿಗೆ ಚಹಾ.

ಈ ತಾಲ್ಲೂಕುಗಳ ಕಾಲೇಜುಗಳಲ್ಲಿ ಓದುತ್ತಿರುವವರು ಇಲ್ಲಿನ ವರ್ತಕರ, ರೈತರ ಮಕ್ಕಳೇ. ನಾಳೆ ಇದೇ ಗಿರಣಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರೂ ಅವರಲ್ಲಿದ್ದಾರೆ. ನೀರಿನ ಲೆಕ್ಕ, ಇಂಧನದ ಲೆಕ್ಕಗಳನ್ನು ಅವರು ಇಂದೇ ಕಲಿತುಕೊಳ್ಳುವುದು ಅಂಕಪಟ್ಟಿಗಷ್ಟೇ ಅಲ್ಲ, ಕುಟುಂಬದ ಖಾತೆಪುಸ್ತಕಕ್ಕೂ ಹಿತ.